ಒಂದೇ ಮೀಟರಿನ ಮನೆ

ಗುಂಡ್ಲುಪೇಟೆಯಲ್ಲಿ ನಾವು ಕೊಂಡುಕೊಂಡ ಮನೆಗೆ ಮೂರು ಬಾಗಿಲು, ಮೂರು ಅಡುಗೆಮನೆ, ಆದರೆ ಕರೆಂಟಿನ ಮೀಟರು ಮಾತ್ರ ಒಂದೇ. ಅದನ್ನು ಕಟ್ಟಿಸಿದವರು ಮೂವರು ಅಣ್ಣತಮ್ಮಂದಿರು. ಕೊನೆಯವರೆಗೂ ಒಟ್ಟಿಗೇ ಇರುತ್ತೇವೆ ಎಂದುಕೊಂಡು ಒಂದು ಮೀಟರು, ಒಂದು ಸಂಪು, ಒಂದು ಮೋಟಾರು ಹಾಕಿಸಿದ್ದರು. ಒಟ್ಟಿಗೆ ಇರಲಾಗದೆ ಕೆಲವೇ ವರ್ಷಗಳಲ್ಲಿ ಮನೆಯನ್ನು ನಮಗೆ ಮಾರಿ ಒಬ್ಬೊಬ್ಬರು ಒಂದೊಂದು ಕಡೆ ಹೊರಟುಹೋದರು. ನಮ್ಮ ಇಬ್ಬರು ಮಕ್ಕಳೂ ಆಗಲೇ ಬೇರೆ ಊರು ಸೇರಿದ್ದರಿಂದ ಮುಂದಿನ ಭಾಗದಲ್ಲಿ ನಾನೂ ನನ್ನ ಯಜಮಾನರೂ ಉಳಿದುಕೊಂಡೆವು. ಹಿಂದಿನ ಭಾಗವನ್ನೂ ಮಹಡಿಯನ್ನೂ ಬಾಡಿಗೆಗೆ ಕೊಟ್ಟೆವು.

ಆಗ ನಾನು ತೆರಕಣಾಂಬಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಯಜಮಾನರದು ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ. ಅದಕ್ಕೆ ಮೊದಲು ಚಾಮರಾಜನಗರದಲ್ಲಿ ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿನ ಓನರಮ್ಮ ಒಂದು ದಿನವೂ ನಮಗೆ ಬಿಲ್ಲು ತೋರಿಸಿದವರಲ್ಲ. ತಿಂಗಳ ಮೊದಲ ವಾರ ಬಾಗಿಲಲ್ಲಿ ನಿಂತು, ‘ಇಷ್ಟಾಗಿದೆ ನೋಡಿ’ ಎನ್ನುವರು, ನಾವು ಕೊಡುವೆವು. ನಾನು ಓನರ್ ಆದರೆ ಹಾಗೆ ಮಾಡುವುದಿಲ್ಲ ಎಂದು ಆಗಲೇ ಅಂದುಕೊಂಡಿದ್ದೆ. ಆದ್ದರಿಂದ ಗುಂಡ್ಲುಪೇಟೆಯಲ್ಲಿ ಬಿಲ್ಲು ಬಂದ ದಿನವೇ ಅದನ್ನು ಮೀಟರಿನ ಪಕ್ಕದ ಗೋಡೆಗೆ ಅಂಟಿಸಿ, ಅದರ ಕೆಳಗೆ ಯಾರು ಎಷ್ಟು ಎಂದು ಬರೆದಿಡುತ್ತಿದ್ದೆ. ಮೂರು ಮನೆಗೆ ಮೂರು ಸಮಪಾಲು. ಇದಕ್ಕಿಂತ ಸುಲಭದ ಲೆಕ್ಕ ಇನ್ನೇನಿದೆ ಎಂದು ನನ್ನ ಭಾವನೆ.

ಹಿಂದಿನ ಭಾಗಕ್ಕೆ ಬಂದವರು ಒಂದು ಮುಸ್ಲಿಂ ಕುಟುಂಬ. ಊಟಿ ರಸ್ತೆಯಲ್ಲಿ ಅವರಿಗೆ ಹಾಸಿಗೆ, ದಿಂಬು ಹೊಲಿಯುವ ಅಂಗಡಿ ಇತ್ತು. ಮನೆಯಾಕೆ ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಅವರ ತಂಗಿಯರು ಬಂದಾಗ ‘ಆಪಾ’ ಎಂದು ಕರೆಯುವುದನ್ನು ಕೇಳಿ ನಾನೂ ಆಪಾ ಎನ್ನತೊಡಗಿದೆ. ಅವರಿಗೆ ನಾನು ಟೀಚರಮ್ಮ. ಆ ಮನೆಯಲ್ಲಿ ಆಪಾ, ಅವರ ಗಂಡ, ಅತ್ತೆ, ಕಾಲೇಜಿಗೆ ಹೋಗುವ ಇಬ್ಬರು ಗಂಡುಮಕ್ಕಳು, ಒಟ್ಟು ಐದು ಜನ. ಒಬ್ಬಳೇ ಮಗಳನ್ನು ನಂಜನಗೂಡಿಗೆ ಮದುವೆ ಮಾಡಿಕೊಟ್ಟಿದ್ದರು.

ಮಹಡಿಗೆ ಬಂದವರು ಬಸ್ ಡ್ರೈವರು. ಗೋಪಾಲಸ್ವಾಮಿ ಬೆಟ್ಟಕ್ಕೆ ಭಕ್ತರನ್ನು ಹತ್ತಿಸಿ ಇಳಿಸುವ ಬಸ್ಸು ಅವರದು. ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಹನೂರಿನ ಕಡೆಯ ಊರಲ್ಲಿದ್ದರು. ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿ ಬರುವರು. ಐವತ್ತರ ಹತ್ತಿರದ ಗಟ್ಟಿ ಆಳು. ಮಾತು ಕಡಿಮೆ. ಆಡಿದರೆ ನೇರ.

ಮೂರನೆಯ ತಿಂಗಳ ಬಿಲ್ಲು ಗೋಡೆಗೆ ಹತ್ತಿದ ಸಂಜೆ ಅವರು ಮೆಟ್ಟಿಲಿಳಿದು ಬಂದು ನಮ್ಮ ಬಾಗಿಲಲ್ಲಿ ನಿಂತರು.

“ಟೀಚರಕ್ಕ, ಒಂದು ಮಾತು ಏಳ್ತೀನಿ, ಬೇಜಾರ್ ಮಾಡ್ಕಬೇಡಿ. ನಾನು ಒಬ್ನೇ ಆಳು. ಬೆಳಗಾಗೆದ್ದು ಓದ್ರೆ ಸಂದೆಗೆ ಬರೋದು. ಒಂದು ಬಲ್ಬು, ಒಂದು ಫ್ಯಾನು, ನೀರು ಕಾಯ್ಸಕೆ ಒಂದು ಕಾಯಿಲ್ಲು. ಐದಾರು ಜನ ಇರೋ ಅಟ್ಟಿಗೂ ನಂಗೂ ಒಂದೇ ಪಾಲು ಅಂದ್ರೆ ಎಂಗಕ್ಕ?”

ಅವರು ಹೇಳಿದ್ದು ನ್ಯಾಯವಾಗಿತ್ತು. ಒಳಗಿದ್ದ ಯಜಮಾನರು, “ಗಣಿತದ ಟೀಚರಿಗೇ ಭಾಗಾಕಾರ ತಪ್ಪಿತಲ್ಲ” ಎಂದು ನಕ್ಕರು. ಮರುದಿನ ಆಪಾನನ್ನೂ ಕರೆದು ಅಂಗಳದಲ್ಲಿ ಕೂತು ಮಾತಾಡಿದೆವು. ಮನೆಗೆ ಒಂದು ಪಾಲು ಬೇಡ, ತಲೆಗೆ ಒಂದು ಪಾಲು ಇರಲಿ ಎಂದು ತೀರ್ಮಾನವಾಯಿತು. ನಾವು ಎರಡು ತಲೆ, ಆಪಾ ಮನೆಯದು ಐದು, ಡ್ರೈವರಣ್ಣನದು ಒಂದು.

“ಅವರು ವಾರದಲ್ಲಿ ಎರಡು ದಿನ ಇರೋದೇ ಇಲ್ಲವಲ್ಲ” ಎಂದು ನಾನೇ ಹೇಳಿ, ಅವರನ್ನು ಏಳರಲ್ಲಿ ಐದು ತಲೆ ಎಂದು ಬರೆದುಕೊಂಡೆ. ಒಟ್ಟು ಐವತ್ತನಾಲ್ಕು ಪಾಲು ಮಾಡಿದರೆ ಅವರಿಗೆ ಐದು, ನಮಗೆ ಹದಿನಾಲ್ಕು, ಆಪಾಗೆ ಮೂವತ್ತೈದು. ಆಪಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಲೇ ಇದ್ದರು. “ಡ್ರೈವರಣ್ಣಂಗೆ ಪೂರ್ತಿ ತಲೆನೂ ಇಲ್ಲ ಅಂದುಬುಟ್ರಲ್ಲ ಟೀಚರಮ್ಮ!” ಎಂದರು. ಡ್ರೈವರಣ್ಣನೂ ನಕ್ಕರು. ಆಪಾ ಕೊಡಬೇಕಾದ ಪಾಲು ಮುಂಚಿನದರ ಎರಡರಷ್ಟರ ಹತ್ತಿರಕ್ಕೆ ಏರಿತ್ತು. ಆದರೂ ಅವರು, “ಐದು ಜನ ಇರೋದು ನಿಜ ತಾನೆ” ಎಂದು ಒಪ್ಪಿಕೊಂಡರು. ಎಲ್ಲರಿಗೂ ನ್ಯಾಯ ಮಾಡಿದೆ ಎಂಬ ಹೆಮ್ಮೆಯಲ್ಲಿ ನಾನು ಆ ಹೊತ್ತು ಬಲು ಖುಷಿಯಾಗಿದ್ದೆ. ಒಂದು ವರ್ಷ ಹಾಗೆಯೇ ಸಾಗಿತು.

ಮಾರನೆಯ ವರ್ಷ ಚಳಿ ಶುರುವಾಗುವ ಹೊತ್ತಿಗೆ ಆಪಾನ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಳು. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು. ಮದುವೆಗೆ ಮೊದಲು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದವಳು. ಚುರುಕು ಹುಡುಗಿ. ನನ್ನನ್ನು ಆಂಟಿ ಎನ್ನುತ್ತಿದ್ದಳು. ಗುಂಡ್ಲುಪೇಟೆಯ ಚಳಿ ಸುಮ್ಮನಲ್ಲ. ಬಂಡೀಪುರದ ಕಡೆಯಿಂದ ಬೀಸುವ ಗಾಳಿಗೆ ಬೆಳಗಿನ ಹೊತ್ತು ಸಂಪಿನ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತದೆ. ಹುಡುಗಿಗೆ ಸೊಂಟನೋವು ಬೇರೆ. ದಿನಕ್ಕೆ ಎರಡು ಸಲ ಬಿಸಿನೀರು ಸುರಿದುಕೊಳ್ಳುತ್ತಿದ್ದಳು. ಹಿಂದಿನ ಭಾಗದ ಬಚ್ಚಲಲ್ಲಿ ಹಳೆಯ ಓನರುಗಳು ಹಾಕಿಸಿದ್ದ ದೊಡ್ಡ ಗೀಸರು ಹೊತ್ತು ಮೂಡುವ ಮೊದಲೇ ಗೊರ್ರೆನ್ನುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ಆ ತಿಂಗಳ ಬಿಲ್ಲು ನೋಡಿ ನಾನೇ ಕಣ್ಣುಜ್ಜಿಕೊಂಡೆ. ಡ್ರೈವರಣ್ಣ ಡ್ಯೂಟಿ ಮುಗಿಸಿ ಬಂದವರು ಗೋಡೆಯ ಮುಂದೆ ನಿಂತು ಓದಿದರು. “ಏನಕ್ಕ, ಈ ತಿಂಗ್ಳು ಇಂಗೆ ಓಡ್ಬುಟ್ಟದೆ ಮೀಟ್ರು?” ಎಂದು ಒಂದು ಮಾತು ಕೇಳಿ ಮೇಲೆ ಹೋದರು. ಅಷ್ಟೇ. ಆದರೆ ಆ ಒಂದು ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಓನರ್ ಆದವಳು ನಾನು, ನಾನೇ ಕೇಳಬೇಕು ಎನಿಸಿತು.

ಭಾನುವಾರ ಹಿಂಬಾಗಿಲಿಗೆ ಹೋದೆ. ಆಪಾ ಅಕ್ಕಿ ಆರಿಸುತ್ತಿದ್ದರು. ಅದೂ ಇದೂ ಮಾತಾಡಿ ಕೊನೆಗೆ, “ಆಪಾ, ಗೀಸರು ಸ್ವಲ್ಪ ನೋಡಿಕೊಂಡು ಹಾಕಿ. ಬಿಲ್ಲು ಬಹಳ ಆಗಿದೆ. ಮಗಳು ಬಂದಮೇಲೆ ಒಂದು ತಲೆ ಜಾಸ್ತಿಯೂ ಆಯಿತಲ್ಲ, ಈ ತಿಂಗಳಿಂದ ಆರು ಅಂತ ಬರೆದುಕೊಳ್ಳಲಾ?” ಎಂದೆ.

ಆಪಾ ಮೊರದಿಂದ ಕೈ ತೆಗೆದರು. ಅವರು ಏನಾದರೂ ಹೇಳುವ ಮೊದಲೇ ಪರದೆಯ ಹಿಂದಿನಿಂದ ಮಗಳ ದನಿ ಬಂತು.

“ಬರ್ಕೊಳಿ ಆಂಟಿ. ಹಂಗೇ ನಿಮ್ಮ ಫ್ರಿಜ್ಜಿಗೆ ಎಷ್ಟು ತಲೆ, ವಾಷಿಂಗ್ ಮಿಷಿನ್ನಿಗೆ ಎಷ್ಟು ತಲೆ, ಅದನ್ನೂ ಬರೀರಿ. ನಮ್ಮನೇಲಿ ಎರಡೂ ಇಲ್ಲ.”

“ಚುಪ್!” ಎಂದು ಆಪಾ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, “ಬಸುರಿ ಹುಡುಗಿ, ಏನೋ ಅಂದಳು. ನೀವು ಮನಸ್ಸಿಗೆ ಹಾಕ್ಕೋಬೇಡಿ ಟೀಚರಮ್ಮ” ಎಂದರು. ನಾನು ಪರವಾಗಿಲ್ಲ ಎಂದು ಎದ್ದು ಬಂದೆ. ಬರುವಾಗ ಮುಖವೆಲ್ಲ ಉರಿಯುತ್ತಿತ್ತು. ಇಷ್ಟು ದಿನ ಇಲ್ಲದ್ದನ್ನು ಈ ಹುಡುಗಿ ಎತ್ತಿದಳಲ್ಲ ಎಂದು ಮೊದಲು ಸಿಟ್ಟೇ ಬಂದದ್ದು.

ಆ ಸಿಟ್ಟಿನಲ್ಲೇ ಪೆನ್ನು ಹಿಡಿದು ಕೂತೆ. ಫ್ರಿಜ್ಜು ದಿನಕ್ಕೆ ಎಷ್ಟು, ವಾಷಿಂಗ್ ಮಿಷಿನ್ನು ವಾರಕ್ಕೆ ಎಷ್ಟು, ಸಂಜೆಯಿಂದ ಮಲಗುವವರೆಗೆ ಉರಿಯುವ ನಮ್ಮ ಟೀವಿ ಎಷ್ಟು ಎಂದು ಕೂಡಿದೆ. ಮಗಳು ಬರುವ ಮೊದಲು, ಎರಡು ತಲೆಯ ನಮ್ಮ ಮನೆ ಐದು ತಲೆಯ ಆ ಮನೆಗಿಂತ ಹೆಚ್ಚು ಕರೆಂಟು ಉರಿಸುತ್ತಿತ್ತು. ವರ್ಷವಿಡೀ ನಮ್ಮ ಫ್ರಿಜ್ಜಿನ ತಂಪಿಗೆ ಆಪಾ ಪಾಲು ಕೊಟ್ಟಿದ್ದರು. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಯಜಮಾನರಿಗೆ ಕಾಗದ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಹುಡುಗಿ ನಿನಗಿಂತ ಚೆನ್ನಾಗಿ ಲೆಕ್ಕ ಮಾಡ್ತಾಳೆ” ಎಂದರು. ಈ ಸಲ ನಗಲಿಲ್ಲ.

ನಾಳೆ ಹೋಗಿ ಹೇಳೋಣ ಎಂದುಕೊಂಡೆ. ಆ ನಾಳೆ ಮೂರು ದಿನ ಆಯಿತು. ತಪ್ಪಾಯಿತು ಎನ್ನುವುದನ್ನು ಮಕ್ಕಳಿಗೆ ಕಲಿಸುವುದು ಸುಲಭ, ನಾವು ಹೇಳುವುದು ಕಷ್ಟ. ಅಷ್ಟರಲ್ಲಿ ಒಂದು ಬದಲಾವಣೆ ನನ್ನ ಕಿವಿಗೆ ಬಿತ್ತು. ಬೆಳಗಿನ ಗೀಸರಿನ ಸದ್ದು ನಿಂತುಹೋಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದವಳು ನೋಡಿದೆ. ಆಪಾ ಅಡುಗೆಮನೆಯಿಂದ ಗ್ಯಾಸಿನ ಮೇಲೆ ಕಾಯಿಸಿದ ನೀರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬಚ್ಚಲಿಗೆ ಒಯ್ಯುತ್ತಿದ್ದರು. ಪಾತ್ರೆ ತುಂಬ ದೊಡ್ಡದೇನಲ್ಲ. ಇನ್ನೊಂದು ಪಾತ್ರೆ ಕಾಯುವವರೆಗೆ ಆ ಹುಡುಗಿ ಬಚ್ಚಲಲ್ಲಿ ನಡುಗುತ್ತ ಕೂತಿರಬೇಕಿತ್ತು.

“ಇದೇನು ಆಪಾ?” ಎಂದೆ.

“ನಾನು ಹೇಳಿದೆ, ಕೇಳಲ್ಲ ಅಂತಾಳೆ. ಆ ಗೀಸರ್ ನೀರು ನಂಗೆ ಬ್ಯಾಡ ಅಂತ ಹಟ.”

ನಾನು ಒಣಗಿಸುವ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಹುಡುಗಿ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದಳು. “ನೀನು ಕೇಳಿದ್ದು ಸರಿ ಕಣಮ್ಮಿ. ನನ್ನ ಲೆಕ್ಕವೇ ತಪ್ಪು” ಎಂದೆ. ಕಾಗದ ತಂದು ತೋರಿಸಿದೆ. ನಮ್ಮ ಫ್ರಿಜ್ಜು, ಮಿಷಿನ್ನು, ಟೀವಿಯದು ಮೊದಲು ನಾವೇ ಕಟ್ಟುತ್ತೇವೆ, ಉಳಿದದ್ದು ಮಾತ್ರ ತಲೆಗೆ ಎಂದೆ. ಕಳೆದ ವರ್ಷದ್ದು ಹಿಂದಕ್ಕೆ ಕೊಡುತ್ತೇನೆ ಎಂದಾಗ ಆಪಾ ಕೈ ಅಡ್ಡ ಮಾಡಿ, “ಅದೆಲ್ಲ ಬೇಡ” ಎಂದರು. ಹುಡುಗಿ ಕಾಗದವನ್ನು ಮೇಲಿಂದ ಕೆಳಗೆ ಓದಿದಳು. ಓದಿ ಮುಗಿಸಿ, “ಇಸ್ತ್ರಿ ಪೆಟ್ಟಿಗೆ ಬಿಟ್ಟುಹೋಗಿದೆ ಆಂಟಿ” ಎಂದಳು. ನನಗೂ ಆಪಾಗೂ ನಗು ತಡೆಯಲಾಗಲಿಲ್ಲ.

ಆದರೂ ಗೀಸರು ಹಾಕಲು ಅವಳು ಒಪ್ಪಲಿಲ್ಲ. ನನ್ನ ಬಾಯಿಂದ ಒಮ್ಮೆ ಬಂದ ಮಾತು ಹಿಂದಕ್ಕೆ ಹೋಗುವುದಿಲ್ಲವಲ್ಲ. ಅವಳ ಹಟ ನೋಡುತ್ತ ನನಗೆ ಉಡಿಗಾಲದ ನನ್ನ ತವರುಮನೆಯ ಬಚ್ಚಲು ನೆನಪಾಯಿತು. ನನ್ನ ಎರಡೂ ಬಾಣಂತನದಲ್ಲಿ ಅವ್ವ ತಾಮ್ರದ ಹಂಡೆಯಿಂದ ಬೋಸಿಯಲ್ಲಿ ಮೊಗೆಮೊಗೆದು ಸೊಂಟಕ್ಕೆ ನೀರು ಬಡಿಯುತ್ತಿದ್ದಳು. ಅವ್ವ ಈಗ ಇಲ್ಲ. ಹಂಡೆ ತಮ್ಮನ ಮನೆಯ ಅಟ್ಟದ ಮೇಲಿತ್ತು.

ಅದೇ ಸಂಜೆ ಡ್ರೈವರಣ್ಣನಿಗೆ ಈ ಕತೆಯೆಲ್ಲ ಹೇಳಿ, ಅವ್ವನ ಹಂಡೆ ತಂದು ಹಿತ್ತಲಲ್ಲಿ ಒಲೆ ಹೂಡಿದರೆ ಹೇಗೆ ಎಂದೆ. ಅವರ ಮುಖ ಸಪ್ಪಗಾಯಿತು.

“ಅಯ್ಯೋ, ನಾನು ಆ ಮಗೀನ ಮನ್ಸಲ್ಲಿ ಇಟ್ಕಂಡು ಕೇಳ್ನಿಲ್ಲ ಕಣಕ್ಕ. ಮೀಟ್ರು ಕೆಟ್ಟೋಗಿರ್ಬೋದು ಅಂದ್ಕಂಡು ಕೇಳ್ದೆ. ನಂಗೂ ಇಬ್ರು ಎಣ್ಮಕ್ಳು ಅವ್ರೆ. ಅಂಡೆ ಎಲ್ಲದೆ ಏಳಿ, ನಾಳೀಕೆ ನಂಗೆ ರಜ, ತರನ.”

ಮರುದಿನ ನಾನೂ ಸ್ಕೂಲಿಗೆ ರಜೆ ಹಾಕಿದೆ, ಇಬ್ಬರೂ ಬಸ್ಸಿನಲ್ಲಿ ಉಡಿಗಾಲಕ್ಕೆ ಹೋದೆವು. ತಮ್ಮ ಹಂಡೆ ಇಳಿಸಿಕೊಟ್ಟ. ಮಸಿ ಹಿಡಿದು ಕಪ್ಪಾಗಿದ್ದ ಅದನ್ನು ಹೆಗಲ ಮೇಲೆ ಹೊತ್ತು ಡ್ರೈವರಣ್ಣ ಬಸ್ಸು ಹತ್ತಿದಾಗ ಕಂಡಕ್ಟರು, “ಏನಣ್ಣ, ಅಂಡೆಗೂ ಟಿಕೆಟ್ ಅರಿಬೇಕಾ?” ಎಂದ. “ಆಫ್ ಟಿಕೆಟ್ ಅರಿಯಪ್ಪ, ಇನ್ನೂ ಚಿಕ್ಕದು” ಎಂದರು ಇವರು. ಮಾತು ಕಡಿಮೆಯ ಮನುಷ್ಯ ತಮಾಷೆ ಮಾಡಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ತೆರಕಣಾಂಬಿ ಸ್ಟಾಪಿನಲ್ಲಿ ಬಸ್ಸು ಹತ್ತಿದ ನನ್ನ ಇಬ್ಬರು ವಿದ್ಯಾರ್ಥಿಗಳು, ಮಸಿಯಾದ ಸೀರೆಯಲ್ಲಿ ಹಂಡೆಯ ಪಕ್ಕ ಕೂತ ಟೀಚರನ್ನು ಕಂಡು ನಮಸ್ಕಾರ ಹೇಳುವುದನ್ನೇ ಮರೆತರು.

ಹಿತ್ತಲಲ್ಲಿ ಡ್ರೈವರಣ್ಣನೇ ಇಟ್ಟಿಗೆ ಜೋಡಿಸಿ, ಮಣ್ಣು ಮೆತ್ತಿ ಒಲೆ ಮಾಡಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ ಒಲೆಬಾಯಿಯನ್ನು ಅದಕ್ಕೆ ಓರೆಯಾಗಿ ಇಟ್ಟರು. ಆಪಾ ಹುಣಸೆಹಣ್ಣು ತಂದು ಹಂಡೆ ತಿಕ್ಕಿದರು. ಉರಿಗೆ ತೆಂಗಿನ ಮಟ್ಟೆ, ಕರಟ, ಒಣಗಿದ ಸೋಗೆ ಸಾಕಾಯಿತು. ಆಪಾನ ಗಂಡ ಅಂಗಡಿಯಿಂದ ಹಳೆಯ ಹತ್ತಿಯ ಚೂರುಗಳನ್ನು ಚೀಲದಲ್ಲಿ ತಂದಿಟ್ಟರು, ಒಲೆ ಹಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ. ಮೊದಲ ದಿನದ ಹಂಡೆ ನೀರು ಹುಡುಗಿಗೇ ಎಂದು ಎಲ್ಲರೂ ಕಾದೆವು. ಅವಳು ಸ್ನಾನ ಮುಗಿಸಿ ಕೆಂಪಗೆ ಹೊರಗೆ ಬಂದು, “ಇದು ನೀರು!” ಎಂದಳು.

ಹೆಣ್ಣು ಮಗು ಆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ, ಏನೂ ತೊಂದರೆಯಿಲ್ಲದೆ. ಆಪಾ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವರು. ಅದೇ ಹೊತ್ತಿನಲ್ಲಿ ಬಾಣಂತಿಗೆ ನೀರು ಹಾಕುವವರು ಯಾರು? ಅಜ್ಜಿಗೆ, ಅಂದರೆ ಆಪಾನ ಅತ್ತೆಗೆ, ಕೈ ನಡುಕ. ನಾನು ಹಾಕುತ್ತೇನೆ ಎಂದೆ. ಸ್ಕೂಲಿಗೆ ಹೊರಡುವ ಮೊದಲು ಸೀರೆ ಎತ್ತಿ ಕಟ್ಟಿ ನಿಂತುಬಿಡುತ್ತಿದ್ದೆ. ಡ್ರೈವರಣ್ಣ ಊರಿಗೆ ಹೋಗಿ ಬರುವಾಗಲೆಲ್ಲ ಲಕ್ಕಿಸೊಪ್ಪಿನ ಕಟ್ಟು ತರುವರು. ಅದನ್ನು ಹಾಕಿ ಕುದಿಸಿದ ನೀರಿನ ವಾಸನೆ ಹಿತ್ತಲಿಗೆಲ್ಲ ಹರಡುತ್ತಿತ್ತು. “ಆಂಟಿ, ಇನ್ನೂ ಬಿಸಿ, ಇನ್ನೂ ಜೋರಾಗಿ” ಎನ್ನುವಳು ಹುಡುಗಿ. ನಾನು ಅವ್ವನ ಹಾಗೆಯೇ ಬೋಸಿಯನ್ನು ಮೇಲೆತ್ತಿ ಸೊಂಟಕ್ಕೆ ಬಡಿಯುವೆ. ನನ್ನ ತೋಳಿಗೆ ಆ ಪಟ್ಟು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಹಂಡೆ ಕಾದಮೇಲೆ ಒಬ್ಬರಿಗೇ ಏಕೆ ಎಂದು ಎಲ್ಲರೂ ಅದೇ ನೀರಿಗೆ ಬಂದೆವು. ಡ್ರೈವರಣ್ಣ ಕಾಯಿಲ್ಲನ್ನು ಮೊಳೆಗೆ ನೇತುಹಾಕಿ ಬೆಳಿಗ್ಗೆ ಬಕೆಟ್ ಹಿಡಿದು ಇಳಿಯುವರು. ಕಾಲೇಜು ಹುಡುಗರು, ಅಜ್ಜಿ, ನನ್ನ ಯಜಮಾನರು, ಎಲ್ಲರೂ ಸರದಿಯಲ್ಲಿ. ಬೆಟ್ಟದ ಮೇಲೆ ಆನೆ ಅಡ್ಡ ನಿಂತು ಬಸ್ಸು ಅರ್ಧ ಗಂಟೆ ಕಾದ ಸಂಗತಿ, ಅಂಗಡಿಯಲ್ಲಿ ಯಾರೋ ದಿಂಬಿನೊಳಗೆ ಉಂಗುರ ಬಿಟ್ಟು ರಿಪೇರಿಗೆ ಕೊಟ್ಟ ಸಂಗತಿ, ಎಲ್ಲ ಆ ಒಲೆಯ ಮುಂದೆಯೇ ನಡೆಯುವುದು. ಅದಕ್ಕೆ ಮುಂಚೆ ನಾವು ಮೂರು ಮನೆಯವರು ಸೇರುತ್ತಿದ್ದದ್ದು ಬಿಲ್ಲು ಬಂದ ದಿನ ಮಾತ್ರ.

ಮಗು ಹುಟ್ಟಿದ ಮೇಲೆ ಬಂದ ಬಿಲ್ಲು ಬಹಳ ಇಳಿದಿತ್ತು. ಹೊಸ ಲೆಕ್ಕ ಬರೆಯಲು ಕೂತೆ. ಡ್ರೈವರಣ್ಣ ಪಕ್ಕದಲ್ಲೇ ನಿಂತಿದ್ದರು.

“ಬಾಣ್ತಿ ಕೂಸಿನ್ದೆಲ್ಲ ಬುಡಿ ಅಕ್ಕ. ಅದೇನು ಫ್ಯಾನ್ ಆಕ್ಕಂಡದಾ?”

“ಬಾಣಂತಿ, ಮಗುವನ್ನು ಎಲ್ಲಿ ಲೆಕ್ಕಕ್ಕೆ ತಗೊಳ್ಳೋಕಾಗುತ್ತೆ, ಬಿಡಿ” ಎಂದು ನಾನೂ ಐದು ಎಂದೇ ಬರೆಯಹೊರಟೆ.

ಆಪಾ ಮಗುವನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ನಿಂತರು.

“ಇಲ್ಲ ಟೀಚರಮ್ಮ, ಏಳು ಅಂತ ಬರೀರಿ. ಮಗಳೊಂದು, ಇವಳೊಂದು.”

“ಯಾಕೆ ಆಪಾ, ಸುಮ್ಮನೆ?”

“ಈ ಮನೇಲಿ ಒಬ್ಬಳು ಹೆಚ್ಚಾಗವಳೆ. ಗೋಡೆ ಮೇಲೆ ಇರಲಿ. ಬಂದೋರು ಹೋದೋರು ನೋಡಲಿ.”

ನಾನು ಏಳು ಎಂದು ಬರೆದೆ. ಆಪಾ ಆ ಅಂಕಿಯನ್ನು ಮಗುವಿಗೆ ತೋರಿಸಿ ಉರ್ದುವಿನಲ್ಲಿ ಏನೋ ಹೇಳಿದರು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಅಂಕಿ ಬರೆದಿದ್ದೇನೆ. ನಾನು ಬರೆದ ಅಂಕಿಯನ್ನು ಯಾರಾದರೂ ಅಷ್ಟು ಪ್ರೀತಿಯಿಂದ ನೋಡಿದ್ದು ನನಗೆ ನೆನಪಿಲ್ಲ.

ಐದು ತಿಂಗಳಿಗೆ ಹುಡುಗಿ ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು. ಹೋಗುವ ದಿನ ನನ್ನ ಕಾಲು ಮುಟ್ಟಲು ಬಗ್ಗಿದವಳನ್ನು ತಡೆದು ನಿಲ್ಲಿಸಿದೆ. “ನನ್ನ ಮೇಲೆ ಸಿಟ್ಟಿದೆಯೇನಮ್ಮಿ?” ಎಂದೆ. “ಸಿಟ್ಟು ಇದ್ದಿದ್ರೆ ಬೆನ್ನು ಕೊಟ್ಟು ಕೂರ್ತಿದ್ನಾ ಆಂಟಿ?” ಎಂದಳು. ಇಂದಿಗೂ ಹಬ್ಬಕ್ಕೆ ಬಂದಾಗ ಮೊದಲು ನಮ್ಮ ಬಾಗಿಲಿಗೆ ಬಂದು ಆಮೇಲೆ ಹಿಂದಕ್ಕೆ ಹೋಗುತ್ತಾಳೆ.

ಆಮೇಲೆ ಸರ್ಕಾರ ಮನೆಗೆ ಇನ್ನೂರು ಯೂನಿಟ್ಟಿನವರೆಗೆ ಕರೆಂಟು ಉಚಿತ ಎಂದಿತು. ಮೂರು ಮನೆ ಸೇರಿದ ನಮ್ಮ ಒಂದೇ ಮೀಟರು ಇನ್ನೂರನ್ನು ದಾಟಿಹೋಗುತ್ತಿತ್ತು. ಪಕ್ಕದ ಬೀದಿಯವರಿಗೆಲ್ಲ ಸೊನ್ನೆ ಬಿಲ್ಲು, ನಮಗೆ ಪೂರ್ತಿ ಬಿಲ್ಲು. ಯಜಮಾನರು ಅಂಗಡಿಯಲ್ಲೇ ಕರಾರುಪತ್ರ, ಆಧಾರ್ ಎಲ್ಲ ಜೆರಾಕ್ಸ್ ಮಾಡಿ ಅರ್ಜಿ ಕೊಟ್ಟು, ಓಡಾಡಿ, ಮೂರು ಮೀಟರು ಮಾಡಿಸಿದರು. ಬಾಡಿಗೆಯವರಿಗೆ ಅನುಕೂಲವಾಯಿತು, ನನಗೂ ಸಮಾಧಾನ. ತಿಂಗಳಿಗೊಮ್ಮೆ ಅಂಗಳದಲ್ಲಿ ಕೂರುವುದು ತಪ್ಪಿತಲ್ಲ ಎಂದು ಮೊದಲ ಕೆಲವು ತಿಂಗಳು ಸ್ವಲ್ಪ ಬಿಕೋ ಎನಿಸಿತ್ತು, ಅಷ್ಟೆ. ಡ್ರೈವರಣ್ಣನಿಗೆ ಅವರ ಊರಿನ ಹತ್ತಿರದ ಡಿಪೋಗೆ ವರ್ಗವಾಯಿತು. ದೊಡ್ಡ ಮಗಳ ಮದುವೆಗೆ ಎರಡೂ ಮನೆಯವರು ಒಂದೇ ವ್ಯಾನಿನಲ್ಲಿ ಹೋಗಿಬಂದೆವು.

ಈಗ ಮಹಡಿಯಲ್ಲಿರುವವರು ಸುಲ್ತಾನ್ ಬತ್ತೇರಿ ಕಡೆಯಿಂದ ಬಂದ ಗಂಡ ಹೆಂಡತಿ. ಇಲ್ಲಿ ಬೇಕರಿ ಇಟ್ಟಿದ್ದಾರೆ. ನಮಗೆ ಅವರ ಮಲಯಾಳ ಅರ್ಧ ಅರ್ಥವಾಗುತ್ತದೆ, ಅವರಿಗೆ ನಮ್ಮ ಕನ್ನಡ ಮುಕ್ಕಾಲು. ಮೂರು ಮನೆಗೂ ಸೇರಿದ್ದು ಈಗ ಸಂಪಿನ ನೀರೊಂದೇ. ನಾನೂ ರಿಟೈರ್ ಆಗಿ ಮನೆಯಲ್ಲೇ ಇರುವುದರಿಂದ, ಮೂರು ತಿಂಗಳಿಗೊಮ್ಮೆ ಸಂಪು ತೊಳೆಸುವ ಜವಾಬ್ದಾರಿ ನನ್ನದು.

ಹೋದ ಭಾನುವಾರ ತೊಳೆದೆವು. ಆಪಾನ ಚಿಕ್ಕ ಮಗ ಒಳಗಿಳಿದು ಕೆಸರು ಬಳಿದ, ಬೇಕರಿಯವರು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲಿದರು, ನಾನೂ ಆಪಾನೂ ಕಟ್ಟೆಯ ಮೇಲೆ ಕೂತು, ಅಲ್ಲಿ ಉಳಿಯಿತು, ಇಲ್ಲಿ ಉಳಿಯಿತು ಎಂದು ಬೆರಳು ತೋರಿಸುತ್ತಿದ್ದೆವು. ಕೆಲಸ ಮುಗಿಯುವ ಹೊತ್ತಿಗೆ ಮಹಡಿಯಾಕೆ ಹಾಲು ಹಾಕದ ಬಿಸಿ ಟೀ, ಬೇಕರಿಯ ಬಾಳೆಹಣ್ಣಿನ ಕೇಕು ತಂದರು. ನಲ್ಲಿ ನೀರು ಇನ್ನೂ ಬಂದಿರಲಿಲ್ಲ. ಖಾಲಿ ಸಂಪಿನ ಸುತ್ತ ಕೂತು, ಕೆಸರು ಕೈಯನ್ನು ಬಟ್ಟೆಗೇ ಒರೆಸಿಕೊಂಡು, ಎಲ್ಲರೂ ಟೀ ಕುಡಿದೆವು.